ಅರ್ಧ ರಸ್ತೆ ಕೇಳಿದ ಸುಭದ್ರಾಬಾಯಿ

ಶಹಾಬಾದಿನ ಗಣಿಗಳ ದಾರಿಯಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲು ಹೇರಿದ ಲಾರಿ ಬಂತೆಂದರೆ ನಡೆಯುವವರು, ಎತ್ತಿನ ಗಾಡಿಯವರು, ಸೈಕಲ್ಲಿನವರು ಎಲ್ಲರೂ ಪಕ್ಕದ ಕಲ್ಲುಚೂರಿನ ರಾಶಿಗೆ ಇಳಿದು ನಿಲ್ಲುತ್ತಿದ್ದರು. ಸುಭದ್ರಾಬಾಯಿ ಮಾತ್ರ ಸೈಕಲ್ಲಿನಿಂದ ಇಳಿಯುತ್ತಿದ್ದರೇ ಹೊರತು ರಸ್ತೆಯಿಂದ ಇಳಿಯುತ್ತಿರಲಿಲ್ಲ. ಸೈಕಲ್ಲನ್ನು ಅಡ್ಡ ಹಿಡಿದು, ಒಂದು ಕೈ ಸೊಂಟಕ್ಕಿಟ್ಟು, ಹಾರ್ನು ಎಷ್ಟು ಕಿರುಚಿದರೂ ಕದಲದೆ ನಿಂತುಬಿಡುತ್ತಿದ್ದರು. ಲಾರಿ ನಿಂತ ಮೇಲೆ ಹೇಳುತ್ತಿದ್ದದ್ದು ಒಂದೇ ಮಾತು:

“ಅರ್ಧ ರಸ್ತಾ ನಂದದ. ಉಳಿದರ್ಧ ತಗೊಂಡು ಹೋಗ್ರಿ.”

ಅವರು ಊರಿನ ಸರ್ಕಾರಿ ದವಾಖಾನೆಯ ದಾಯಿ. ನಿಜಾಮರ ಆಳ್ವಿಕೆ ಆಗಷ್ಟೇ ಮುಗಿದಿತ್ತು. ದವಾಖಾನೆಯ ಬೋರ್ಡು, ಚೀಟಿಗಳು ಎಲ್ಲ ಇನ್ನೂ ಉರ್ದುವಿನಲ್ಲೇ ಇದ್ದವು. ಆಡಕಿಯ ವೈಷ್ಣವರ ಮನೆಯ ಮಗಳು, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಅಣ್ಣಂದಿರ ಮಾತು ಮೀರಿ ಹೈದರಾಬಾದಿಗೆ ಹೋಗಿ ಹೆರಿಗೆಯ ಕೆಲಸ ಕಲಿತು ಬಂದಿದ್ದರು. ಕಚ್ಚೆ ಸೀರೆ ಉಡುತ್ತಿದ್ದುದರಿಂದ ಗಂಡಸರ ಸೈಕಲ್ಲೇ ಅವರಿಗೆ ಸಲೀಸಾಗಿತ್ತು. ತಲೆಗೆ ಒದ್ದೆ ಬಟ್ಟೆ, ಹಿಂದಿನ ಕ್ಯಾರಿಯರಿಗೆ ಕಟ್ಟಿದ ತಗಡಿನ ಪೆಟ್ಟಿಗೆ, ಮೈಯಿಂದ ಸದಾ ಕಾರ್ಬಾಲಿಕ್ ಸಾಬೂನಿನ ವಾಸನೆ. ಊರಿನವರು ಅವರನ್ನು ‘ಸೈಕಲ್ ಬಾಯಿ’ ಎನ್ನುತ್ತಿದ್ದರು. ಅವರೆದುರಿಗೂ ಹಾಗೇ ಕರೆಯುತ್ತಿದ್ದರು.

ನಾನು ಸೇಡಂನಿಂದ ಮದುವೆಯಾಗಿ ಬಂದದ್ದು ಊರ ಹೊರಗಿನ ಗಣಿಯ ಬದಿಯಲ್ಲಿದ್ದ ಒಂದು ಮನೆಗೆ. ನಮ್ಮವರು ಆ ಗಣಿಯಲ್ಲಿ ಮುನ್ಷಿ. ಫರಸಿ ಅಳೆದು ಲಾರಿಗೆ ಹೇರಿಸುವುದು ಅವರ ಕೆಲಸ. ಸುಭದ್ರಾಬಾಯಿ ಹಳ್ಳಿಗಳಿಗೆ ಹೋಗುವಾಗ, ಬರುವಾಗ ನಮ್ಮ ಕಟ್ಟೆಯ ಮೇಲೆ ಕೂತು ನೀರು ಕೇಳುತ್ತಿದ್ದರು. ಮೊದಲ ಸಲ ನಮ್ಮ ಅತ್ತೆ ಹಿಂಜರಿದರು. “ನಾವು ಲಿಂಗವಂತರ್ರಿ. ನಮ್ಮನಿ ನೀರು ನಿಮಗ ನಡೀತದೇನು?”

“ಸೈಕಲ್ ಮ್ಯಾಲ ಕುಂತ ಮ್ಯಾಲ ಇನ್ನೆಲ್ಲಿ ಮಡಿ ಅವ್ವಾ? ತರ್ರಿ, ಗಂಟಲ ಒಣಗ್ಲಿಕತ್ತದ.”

ಒಂದು ದಿನ ನಮ್ಮ ಮನೆಯೆದುರಿಗೇ ಒಬ್ಬ ಡ್ರೈವರು ಅವರ ಮೈಮೇಲೇ ಏರಿಸುವಂತೆ ಲಾರಿ ತಂದು ನಿಲ್ಲಿಸಿದ. ಬಾಯಿ ಅವನನ್ನು ಕೆಳಗಿಳಿಸಿದರು.

“ಸೈಕಲ್ ಹೊಡೀಲಿಕ್ಕ ಬರ್ತದೇನು?”

“ಬರ್ತದ್ರಿ ಬಾಯಿ,” ಎಂದು ಅವನು ನಕ್ಕ.

“ಹಂಗಾರ ಆ ಬೇವಿನ ಗಿಡದ ತನಕ ಹೋಗಿ ಬರ್ರಿ. ನಿಮ್ಮ ಲಾರಿ ನಾ ಕಾಯ್ತೀನಿ.”

ತಮಾಷೆಯೆಂದು ಹತ್ತಿ ಹೊರಟ. ಗಿಡದ ಹತ್ತಿರ ಮುಟ್ಟುವುದರೊಳಗೆ ಹಿಂದಿನಿಂದ ಇನ್ನೊಂದು ಲಾರಿ ಹಾರ್ನು ಬಾರಿಸುತ್ತ ಅವನ ಮೊಣಕೈ ಸವರಿಕೊಂಡು ಹೋಯಿತು. ಆ ದೊಡ್ಡ ಮೀಸೆಯ ಮನುಷ್ಯ ಸೈಕಲ್ ಸಮೇತ ಕಲ್ಲುಚೂರಿನಲ್ಲಿ ಬಿದ್ದು, ಮೈಯೆಲ್ಲ ಬೆಳ್ಳಗಾಗಿ ಎದ್ದು ಬಂದ. ಬಾಯಿ ತಮ್ಮ ಸೆರಗಿನಿಂದಲೇ ಅವನ ಬೆನ್ನಿನ ಧೂಳು ಝಾಡಿಸಿದರು.

“ಹ್ಯಾಂಗನಸ್ತು?”

“ಜೀವ ಬಾಯಿಗೆ ಬಂತ್ರಿ.”

“ನನಗ ದಿನಾ ಬರ್ತದ.”

ಆಮೇಲೆ ಅವನು ಅವರನ್ನು ಕಂಡರೆ ಲಾರಿ ಮೆಲ್ಲಗೆ ಮಾಡುತ್ತಿದ್ದ. ಆದರೆ ಗಣಿಗೆ ಹೊಸ ಹೊಸ ಡ್ರೈವರುಗಳು ಬರುತ್ತಲೇ ಇದ್ದರು. ಎಲ್ಲರನ್ನೂ ಸೈಕಲ್ ಹತ್ತಿಸಲು ಅವರಿಗೆ ಎಲ್ಲಿಯ ಪುರುಸೊತ್ತು! ಲಾರಿಗಳ ನಂಬರು ಬರೆದುಕೊಂಡು ಪೊಲೀಸ್ ಅಮೀನರ ಹತ್ತಿರವೂ ಹೋಗಿ ಬಂದರು. “ಹೆಣ್ಣುಮಕ್ಕಳು ಸೈಕಲ್ ಬಿಡ್ರಿ, ಟಾಂಗಾದಾಗ ಹೋಗ್ರಿ” ಎಂದರಂತೆ ಅಮೀನರು. “ಟಾಂಗಾ ಹೂಡಿ ಹೊಂಡೋದ್ರಾಗ ಕೂಸು ಹುಟ್ಟಿ ಅಂಬೆಗಾಲು ಇಡ್ಲಿಕತ್ತಿರತದ್ರಿ ಸಾಹೇಬ್ರ” ಎಂದು ಹೇಳಿ ಬಂದೆನೆಂದು ನಮ್ಮ ಕಟ್ಟೆಯ ಮೇಲೆ ಕೂತು ನಕ್ಕರು. ನಗು ಮುಗಿದ ಮೇಲೆ ನಮ್ಮವರ ಕಡೆ ತಿರುಗಿ, “ಮುನ್ಷಿಯವ್ರ, ಫರಸಿ ಲಾರಿ ಹೊರಗ ಮೊಳ ಮೊಳ ಚಾಚಿರ್ತಾವ. ಒಳಗ ದೂಡಿಸಿ ಹಗ್ಗ ಬಿಗಸ್ರಿ. ಒಂದಿನ ಯಾರದರ ತಲಿ ಹೋಗ್ತದ” ಎಂದರು.

“ಮಾಲಕರಿಗಿ ಹೇಳ್ತೀನ್ರಿ ಬಾಯಿ,” ಎಂದರು ನಮ್ಮವರು. ಹೇಳಲಿಲ್ಲ. ಮಾಲೀಕರಿಗೆ ಕತ್ತಲಾಗುವುದರೊಳಗೆ ಇನ್ನೊಂದು ಖೇಪು ಹೋಗಬೇಕಾಗಿತ್ತು. ಹಗ್ಗ ಬಿಗಿಯಲು ನಿಂತರೆ ಅದು ತಪ್ಪುತ್ತಿತ್ತು.

ನಾನು ಮೊದಲ ಬಸುರಿಯಾದಾಗ ಅವರು ತಿಂಗಳಿಗೆ ಎರಡು ಸಲ ಬಂದು ನೋಡುತ್ತಿದ್ದರು. ಹೊಟ್ಟೆಯ ಮೇಲೆ ಕಿವಿಯಿಟ್ಟು, “ನೀಲಾ, ಒಳಗ ಕುಂತು ನಗ್ಲಿಕತ್ತದ ನೋಡು” ಎನ್ನುತ್ತಿದ್ದರು. ಅವರು ಬಂದು ಹೋದ ದಿನ ನನಗೆ ಯಾವ ಅಂಜಿಕೆಯೂ ಇರುತ್ತಿರಲಿಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ ಬೇನೆ ಶುರುವಾಯಿತು. ಗಣಿಯ ಆಳೊಬ್ಬ ಒಳಗಿನ ಕಾಲುದಾರಿಯಲ್ಲಿ ಓಡಿಹೋಗಿ ಹೇಳಿ ಬಂದ. “ಬಾಯಿ ಆಗಲೇ ಸೈಕಲ್ ಹತ್ಯಾರ” ಎಂದ. ಸೈಕಲ್ಲಿನ ಮೇಲೆ ಅದೇನು ದೂರದ ದಾರಿಯಲ್ಲ. ಅತ್ತೆ ಬಾಗಿಲಿಗೂ ನನ್ನ ಹಾಸಿಗೆಗೂ ಓಡಾಡುತ್ತಿದ್ದರು. ಬಿಸಿಲು ಅಂಗಳದಲ್ಲಿ ಅರ್ಧಕ್ಕೆ ಬಂತು, ಪೂರಾ ಬಂತು. ನನಗೆ ಕಣ್ಣು ಕತ್ತಲೆ ಬರುತ್ತಿತ್ತು. ಬಾಯಿ ಬರಲಿಲ್ಲ.

ಕಡೆಗೆ ಬಂದಾಗ ನಡೆದುಕೊಂಡು ಬಂದರು. ಮುಖ ಸುಣ್ಣ ಬಳಿದಂತೆ ಬೆಳ್ಳಗಿತ್ತು, ಸೀರೆ ಮೊಣಕಾಲಿನಲ್ಲಿ ಹರಿದಿತ್ತು. ಬಲಗೈಯನ್ನು ಎಡಗೈಯಿಂದ ಎದೆಗೆ ಅವುಚಿ ಹಿಡಿದಿದ್ದರು. ಪೆಟ್ಟಿಗೆ ಹೆಗಲಿನಿಂದ ಜೋತಾಡುತ್ತಿತ್ತು.

“ಇಷ್ಟೊತ್ತು ಎಲ್ಲಿ ಹಾಳಾಗಿದ್ರಿ?” ಎಂದು ಅತ್ತೆ ಚೀರಿದರು.

“ಲಾರಿ ತಾಗಿ ಬಿದ್ದೆ, ಅವ್ವ. ನೀರು ಕಾಸೀರೇನು?”

ಬಲಗೈ ಮುರಿದಿತ್ತು. ಕೂಸಿನ ಕೊರಳಿಗೆ ಹೊಕ್ಕಳಬಳ್ಳಿ ಸುತ್ತಿಕೊಂಡಿತ್ತು. “ಅವ್ವ, ನನ್ನ ಕೈ ನೀವಾಗ್ರಿ. ನಾ ಹೇಳ್ದಂಗ ಮಾಡ್ರಿ, ಅಂಜಬ್ಯಾಡ್ರಿ” ಎಂದು ಅತ್ತೆಗೆ ಒಂದೊಂದೇ ಹೇಳಿಕೊಟ್ಟರು. ಗಂಡು ಕೂಸು. ಅದು ಅಳಲಿಲ್ಲ. ಬಾಯಿ ಒಂದೇ ಕೈಯಲ್ಲಿ ಅದನ್ನು ತೊಡೆಯ ಮೇಲೆ ಎಳೆದುಕೊಂಡು ಬೆನ್ನು ತಟ್ಟಿದರು, ಅದರ ಬಾಯಿಗೆ ತಮ್ಮ ಬಾಯಿ ಹಚ್ಚಿ ಊದಿದರು, ಮತ್ತೆ ತಟ್ಟಿದರು. ಎಷ್ಟು ಹೊತ್ತು ಮಾಡಿದರೋ. ಆಮೇಲೆ ಸುಮ್ಮನೆ ಅದರ ಮುಖ ಒರೆಸುತ್ತ ಕೂತರು.

ಆಗ ನಾನು ಹೇಳಿದೆ. ಆ ಮಾತು ಹೇಳಿದವರು ಅತ್ತೆಯೆಂದು ಎಷ್ಟೋ ವರ್ಷ ಬೇರೆಯವರ ಮುಂದೆ ಹೇಳಿಕೊಂಡು ಬಂದಿದ್ದೇನೆ. ಅತ್ತೆಯಲ್ಲ, ನಾನೇ.

“ನಿಮ್ಮ ಸೈಕಲ್ಲಿನ ಸೊಕ್ಕು ನನ್ನ ಕೂಸಿಗಿ ತಿಂತು. ಎಲ್ಲಾರ್ಹಂಗ ಟಾಂಗಾದಾಗ ಬಂದಿದ್ರ ನನ್ನ ಮಗ ಉಳೀತಿದ್ದ.”

ನನಗೆ ರಕ್ತ ಹರಿಯುತ್ತಿತ್ತು. ಅದು ನಿಲ್ಲುವವರೆಗೂ ಅವರು ಎಡಗೈಯಿಂದ ನನ್ನ ಹೊಟ್ಟೆ ಒತ್ತಿ ಹಿಡಿದು ಕೂತಿದ್ದರು. ಅಂದು ನಾನು ಉಳಿದದ್ದು ಆ ಕೈಯಿಂದ. ಅದು ನನಗೆ ಹೊಳೆದದ್ದು ಬಹಳ ತಡವಾಗಿ.

ಊರಿನಲ್ಲಿ ಲಾರಿ ಯಾರದೆಂದು ಯಾರೂ ಕೇಳಲಿಲ್ಲ. ಬಾಯಿ ಯಾಕೆ ತಡಮಾಡಿದರೆಂದು ಎಲ್ಲರೂ ಕೇಳಿದರು. ಕೆಲವು ಮನೆಗಳವರು ಹೆರಿಗೆಗೆ ಅವರನ್ನು ಕರೆಯುವುದನ್ನೇ ಬಿಟ್ಟರು. ಕೈ ಸೊಟ್ಟಗೆ ಕೂಡಿತು. ಎರಡು ತಿಂಗಳಲ್ಲಿ ತಾವೇ ಅರ್ಜಿ ಹಾಕಿಕೊಂಡು ಚಿಂಚೋಳಿಯ ದವಾಖಾನೆಗೆ ಹೊರಟುಹೋದರು. ಹೋಗುವ ಮುಂಚೆ ನಮ್ಮ ಮನೆಗೆ ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಬರಬೇಕಿತ್ತು ಎಂದು ಆಗ ಅಂದುಕೊಂಡೆ. ಈಗ ಅದೇ ಪ್ರಶ್ನೆಯನ್ನು ನನಗೇ ಕೇಳಿಕೊಳ್ಳುತ್ತೇನೆ.

ಮೂರು ವರ್ಷದ ಮೇಲೆ ಮತ್ತೆ ಬಸುರಿಯಾಗಿ ತವರಿಗೆ ಬಂದಿದ್ದೆ. ಕಣ್ಣು ಮುಚ್ಚಿದರೆ ಕೂಸಿನ ಮುಖ ಒರೆಸುತ್ತಿದ್ದ ಅವರ ಕೈ ಕಾಣುತ್ತಿತ್ತು. ತಡೆಯಲಾರದೆ ಅಣ್ಣನನ್ನು ಕರೆದುಕೊಂಡು ಸೇಡಂನಿಂದ ಬಸ್ಸಿನಲ್ಲಿ ಚಿಂಚೋಳಿಗೆ ಹೋದೆ. ಬಾಯಿ ದವಾಖಾನೆಯ ಪಡಸಾಲೆಯಲ್ಲಿ ಕೂತು ಎಡಗೈಯಿಂದ ಔಷಧದ ಪುಡಿಯ ಪೊಟ್ಟಣ ಕಟ್ಟುತ್ತಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು. ಹೆರಿಗೆಗೆ ಬೇರೆಯವಳಿದ್ದಳು.

“ನೀಲಾ, ಬಾ, ಕುಂದ್ರು,” ಎಂದರು, ನಿನ್ನೆಯಷ್ಟೇ ನೋಡಿದವರಂತೆ.

ನಾನು ಅವರ ಕಾಲು ಹಿಡಿದು ಅತ್ತುಬಿಟ್ಟೆ. “ಅಂದು ನಾ ಅಂದದ್ದು ತಪ್ಪಾಯ್ತ್ರಿ. ನಿಮ್ಮದೇನೂ ತಪ್ಪಿರಲಿಲ್ಲ.”

“ಹಂಗನಬ್ಯಾಡ. ನೀ ಒಂದ ಸಲ ಅಂದಿ. ನಾ ದಿನಾ ಅಂದ್ಕೋತೀನಿ. ಅವತ್ತೊಂದಿನ ರಸ್ತಾ ಬಿಟ್ಟು ಕೆಳಗ ಇಳದಿದ್ರ ಏನಾಗ್ತಿತ್ತು ನನಗ?”

“ಲಾರಿ ನಂಬರು ನೋಡಿರಲಿಲ್ಲೇನ್ರಿ? ಬ್ಯಾರೆ ಎಲ್ಲಾ ಬರಕೋತಿದ್ರಿ.”

ಅವರು ಪೊಟ್ಟಣ ಮಡಚುವುದನ್ನು ನಿಲ್ಲಿಸಿದರು. “ನೋಡಿದ್ದೆ. ಅದು ನಿಮ್ಮ ಗಣಿ ಲಾರಿ, ನೀಲಾ. ಹೊರಗ ಚಾಚಿದ್ದ ಫರಸಿ ಬಂದು ಕೈಗೆ ಬಡೀತು. ಹೇರಿಸಿದವರು ಯಾರಂತ ಹೇಳಲಿ? ನಿನಗ ಒಂದು ದುಃಖ ಸಾಕಾಗಿತ್ತು” ಎಂದರು.

ಅವರು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, ಎಲ್ಲ ನೆಟ್ಟಗಿದೆ ಎಂದರು. ಹೆರಿಗೆಗೆ ಸೇಡಂಗೆ ಬನ್ನಿ, ಸುಮ್ಮನೆ ಪಕ್ಕದಲ್ಲಿ ಕೂತರೂ ಸಾಕು ಎಂದು ಬೇಡಿಕೊಂಡೆ. “ಬ್ಯಾಡವ್ವಾ. ನನಗ ಆ ಧೈರ್ಯ ಉಳದಿಲ್ಲ. ಹಡದ ಮ್ಯಾಲ ಒಂದು ಕಾಗದ ಹಾಕು” ಎಂದರು. ಬಸ್ಸಿನವರೆಗೂ ನಡೆದು ಬಂದರು. ಹಿಂದಿನಿಂದ ಒಂದು ಮೋಟಾರಿನ ಸದ್ದು ಕೇಳಿದ ಕೂಡಲೇ ನನ್ನ ಕೈ ಹಿಡಿದೆಳೆದುಕೊಂಡು ರಸ್ತೆ ಬಿಟ್ಟು ಗಿಡದ ಬುಡಕ್ಕೆ ಸರಿದು ನಿಂತರು. ಅದು ಇನ್ನೂ ಎಷ್ಟೋ ದೂರದಲ್ಲಿತ್ತು.

ನಮ್ಮವರು ಸೇಡಂಗೆ ನನ್ನನ್ನು ನೋಡಲು ಬಂದಾಗ ಕೇಳಿದೆ. ಕೂಸು ಹೋದ ದಿನ ಸಂಜೆಯೇ ಡ್ರೈವರು ಬಂದು ತಮಗೆ ಹೇಳಿದ್ದನೆಂದು ಒಪ್ಪಿಕೊಂಡರು. “ನೌಕರಿ ಹೋಗ್ತಿತ್ತು” ಎಂದರು. ನಮ್ಮ ಸಂಸಾರ ನಡೆಯಿತು. ಆದರೆ ಆ ಮಾತಿನ ಮೇಲೆ ಇನ್ನೊಂದು ಮಾತು ನಮ್ಮಿಬ್ಬರ ನಡುವೆ ಎಂದೂ ಬರಲಿಲ್ಲ.

ಹೆರಿಗೆಯಾದ ಮೂರನೆಯ ದಿನ, ಕೂರಲು ಬಂದ ಕೂಡಲೇ, ನನ್ನ ಕೈಯಾರೆ ಕಾಗದ ಬರೆದು ಚಿಂಚೋಳಿಗೆ ಹಾಕಿಸಿದೆ. ತಿಂಗಳೊಪ್ಪತ್ತಿನ ಮೇಲೆ ಅದು ಒಡೆಯದೆ ತಿರುಗಿ ಬಂತು. ಹಿಂಬದಿಯಲ್ಲಿ ಅಲ್ಲಿಯ ದವಾಖಾನೆಯ ಕಂಪೌಂಡರು ಉರ್ದುವಿನಲ್ಲಿ ಒಂದು ಸಾಲು ಬರೆದಿದ್ದರು. ಅಣ್ಣ ಓದಿ ಹೇಳಿದ: ಕಾಡಿನ ಜ್ವರ ಬಂದು ಬಾಯಿ ಈ ಕಾಗದ ಮುಟ್ಟುವ ಮುಂಚೆಯೇ, ಮಳೆಗಾಲದ ಮೊದಲಲ್ಲೇ ತೀರಿಕೊಂಡರು.

ಆ ಕಾಗದವನ್ನು ನಾನೂ ಮತ್ತೆ ಒಡೆದಿಲ್ಲ. ಅದರೊಳಗೆ ಇರುವುದು ಒಂದೇ ಸುದ್ದಿ: ಹೆಣ್ಣು ಕೂಸು, ಹುಟ್ಟುತ್ತಲೇ ಓಣಿಗೆಲ್ಲ ಕೇಳುವಂತೆ ಅತ್ತಿತು.