ಕೈ ಎತ್ತಿದವರ ಪಟ್ಟಿ

ಹೋದ ವಾರ ನಾವೀಗಿರುವ ಸೆರಂಗೂನಿನ ಮಾಲ್‌ನಲ್ಲಿ ಮಗಳ ಸರ್ಟಿಫಿಕೇಟು ಜೆರಾಕ್ಸ್ ಮಾಡಿಸುತ್ತಿದ್ದೆ. ಬಿಸಿ ಕಾಗದದ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಹಂಗೇರಿ ಅಂಕಲ್ ನೆನಪಾದರು...

ಆಗ ನಾವು ಇದೇ ಊರಿನ ಇನ್ನೊಂದು ಬಡಾವಣೆ ಬ್ಯೂನಾ ವಿಸ್ಟಾದ ಕಾಂಡೋ ಫ್ಲ್ಯಾಟಿನಲ್ಲಿದ್ದೆವು. ಎಲ್ಲಿ ನೋಡಿದರೂ ಕ್ರೇನು, ತಿಂಗಳಿಗೊಂದು ಹೊಸ ಕಟ್ಟಡ. ಅಲ್ಲಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದ ತಮ್ಮ ಮಗಳ ಜೊತೆ ಅಂಕಲ್ ಪಕ್ಕದ ಮನೆಗೆ ಬಂದಿದ್ದರು. ಅವರ ದೇಶದಲ್ಲಿ ಕಮ್ಯುನಿಸ್ಟ್ ಆಡಳಿತ ಬಿದ್ದಾಗ ಅವರೂ ಬಾಲ್ಯದ ಗೆಳೆಯರೊಬ್ಬರೂ ಸೇರಿ ಪುಟ್ಟದೊಂದು ಪಕ್ಷ ಕಟ್ಟಿದ್ದರಂತೆ. ದೇವರು, ಮನೆತನ, ಹೊಲ ಎನ್ನುವ ಸಂಪ್ರದಾಯಸ್ಥರ ಪಕ್ಷ. ಎರಡನೇ ಚುನಾವಣೆಯನ್ನೂ ಕಾಣದೆ ಒಡೆದುಹೋಯಿತು. ಕಾರ್ಯದರ್ಶಿಯಾಗಿದ್ದ ಅಂಕಲ್ ಅದರ ಚರಿತ್ರೆಯನ್ನು ತಮ್ಮ ಭಾಷೆಯಲ್ಲಿ ಬರೆಯುತ್ತಿದ್ದರು. ಶನಿವಾರ ಪುಟ ಹಿಡಿದು ಬಂದರೆ ನಾನು ಆಫೀಸಿನಲ್ಲಿ ಪ್ರತಿ ಮಾಡಿಸಿ ಕೊಡಬೇಕು. “ಅಮ್ಮಾ, ಪಾರ್ಟಿ ಅಂಕಲ್ ಬಂದ್ರು ಲಾ!” ಎಂದು ನನ್ನ ಮಗಳು ಇಲ್ಲಿಯವರ ಹಾಗೆ ‘ಲಾ’ ಸೇರಿಸಿ ಕೂಗುತ್ತಿದ್ದಳು.

“ನಮ್ಮ ಧಾರವಾಡದ ಕಡೆ ಪಕ್ಷ ಅಂದ್ರೆ ಅಂಗಿ ಇದ್ದಂಗೆ ಅಂಕಲ್, ಬೆವರಿದ್ರೆ ಬದಲಾಯಿಸ್ತಾರೆ” ಎಂದು ಒಮ್ಮೆ ಛೇಡಿಸಿದೆ. ಅವರು ನಗಲಿಲ್ಲ. ಕೊನೆಯ ಸಭೆಯಲ್ಲಿ ಆ ಗೆಳೆಯರನ್ನೇ ಪಕ್ಷದಿಂದ ಹೊರಹಾಕಿದ್ದರಂತೆ. ಹೊರಹಾಕಲು ಕೈ ಎತ್ತಿದವರಲ್ಲಿ ಅಂಕಲ್ಲೂ ಒಬ್ಬರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. “ಅವನೊಬ್ಬ ಇದನ್ನ ಓದಿದ್ರೆ ಸಾಕು” ಎಂದರು.

ಆಫೀಸಿನ ಕೆಲಸಕ್ಕೆ ನಾನು ಬುಡಾಪೆಸ್ಟಿಗೆ ಹೊರಟಾಗ ಬರೆದ ಪುಟಗಳ ಇಡೀ ಕಟ್ಟನ್ನು, ಗೆಳೆಯನಿಗೆ ತಲುಪಿಸು ಎಂದು, ನನ್ನ ಕೈಗಿಟ್ಟರು. ಆ ಗೆಳೆಯರೋ ನನ್ನನ್ನು ಒಳಗೂ ಕರೆಯಲಿಲ್ಲ. ಬಾಗಿಲಲ್ಲೇ ನಿಂತು ಹಾಳೆ ತಿರುವಿ, ಒಂದು ಕಡೆ ಬೆರಳಿಟ್ಟು ಮೇಲಿಂದ ಕೆಳಗೆ ಓದಿದರು. “ಕೈ ಎತ್ತಿದ ಎಲ್ಲರ ಹೆಸರೂ ಇದೆ, ಅವನದೊಂದು ಬಿಟ್ಟು” ಎಂದು ತಡವರಿಸುವ ಇಂಗ್ಲಿಷಿನಲ್ಲಿ ಹೇಳಿ ಕಟ್ಟನ್ನು ವಾಪಸು ಕೊಟ್ಟರು.

ಮರಳಿ ಬಂದು ಇದ್ದದ್ದು ಇದ್ದಹಾಗೆ ಹೇಳಿದೆ. ಅಂಕಲ್ ಕಟ್ಟು ಬಿಚ್ಚಿ ಆ ಪುಟ ಹುಡುಕಿದರು. “ಸಭೆಯ ನಡಾವಳಿ ಬರೆಯೋನು ತನ್ನ ಹೆಸರು ಹಾಕ್ಕೊಳಲ್ಲಮ್ಮಾ... ಅಭ್ಯಾಸ.” ನಾನು ನಂಬಲಿಲ್ಲ, ಅವರೂ ನಂಬಿದಂತೆ ಕಾಣಲಿಲ್ಲ. ಅಲ್ಲೇ ಕೂತು, ತಮ್ಮ ಹೆಸರನ್ನು ಎಲ್ಲರಿಗಿಂತ ಮೊದಲು ಹಾಕಿ, ಆ ಪುಟವನ್ನು ಹೊಸದಾಗಿ ಬರೆದರು. ಅದನ್ನು ಗೆಳೆಯನ ವಿಳಾಸದ ಲಕೋಟೆಗೆ ಹಾಕಿ ಅಂಟಿಸಿ, “ನಾಳೇನೇ ಪೋಸ್ಟ್ ಮಾಡಿಬಿಡಮ್ಮ” ಎಂದರು.

ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ಹಾಳಾದದ್ದು ನನ್ನದಲ್ಲ. ಹೊಸ ಪ್ರಾಜೆಕ್ಟು, ಮೀಟಿಂಗು, ಸುಡುಗಾಡು... ಲಕೋಟೆ ಮೂರು ವಾರ ನನ್ನ ಬ್ಯಾಗಿನಲ್ಲೇ ಇತ್ತು. ಕೊನೆಗೆ ಕಳಿಸಿದೆ. ಗೆಳೆಯರ ಮನೆಯವರ ಚೀಟಿಯೊಂದಿಗೆ, ಒಡೆಯದೆಯೇ ವಾಪಸು ಬಂತು. ಅದು ತಲುಪುವ ಹತ್ತು ದಿನ ಮೊದಲು ಗೆಳೆಯರು ತೀರಿಕೊಂಡಿದ್ದರು.

“ನಾನೇ ತಡ ಮಾಡಿದೆ” ಎಂದು ಅಂಕಲ್ ಹಣೆ ಹಣೆ ಚಚ್ಚಿಕೊಂಡರು. ಲಕೋಟೆ ಮೂರು ವಾರ ನನ್ನ ಬ್ಯಾಗಿನಲ್ಲಿದ್ದದ್ದು ಅವರಿಗೆ ಗೊತ್ತಿರಲಿಲ್ಲ, ನಾನು ಹೇಳಲೂ ಇಲ್ಲ.

ಈಗ ಅಂಕಲ್ಲೂ ಇಲ್ಲ. ತಡ ಮಾಡಿದವಳು ನಾನು ಎಂದು ಯಾರಿಗೆ ಹೇಳಲಿ?