ಮುತ್ತುಗದ ಬುಡದ ಬಾಂದುಕಲ್ಲು

ನಾಲ್ಕು ವರ್ಷಗಳ ಹಿಂದೆ ನಾನು ಹುಮನಾಬಾದಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಮರಗಳು ಯಾವಾಗ ಮೊಗ್ಗು, ಹೂ, ಚಿಗುರು ಬಿಡುತ್ತವೆಂದು ದಿನವೂ ನೋಡಿ ದಾಖಲಿಸುವುದಕ್ಕೆ ಫಿನಾಲಜಿ ಎನ್ನುತ್ತಾರೆ. ಅದನ್ನು ವಿದ್ಯಾರ್ಥಿಗಳಿಗೆ ತೋರಿಸಲೆಂದು ಆ ವಸಂತದಲ್ಲಿ ಹತ್ತಿರದ ಹುಡಗಿ ಎಂಬ ಊರಿನ ಹೊರಗಿನ ಒಂದು ಮುತ್ತುಗದ ಮರದೆದುರು ಹನ್ನೆರಡು ಬೆಳಿಗ್ಗೆ ಕೂತು ಹನ್ನೆರಡು ಚಿತ್ರ ಬರೆದೆ.

ಮರ ಇದ್ದದ್ದು ಮಹಾದೇವಮ್ಮ ಎಂಬ ವಿಧವೆಯ ಹೊಲದಂಚಿನಲ್ಲಿ. ಅವರ ಒಪ್ಪಿಗೆ ಕೇಳಿದ್ದೆ. ಮರದ ಎಡಕ್ಕೆ ಗಡಿ ತೋರಿಸುವ ಬಾಂದುಕಲ್ಲು, ಅದರಾಚೆ ಅವರ ಮೈದುನ ಶರಣಪ್ಪನ ಹೊಲ.

ಐದನೆಯ ದಿನ ಶರಣಪ್ಪ ಬಂದವನೇ ನನ್ನ ಚಿತ್ರದ ಪುಸ್ತಕ ಕಸಿದುಕೊಂಡ.

"ಯಾರ ಕಳಿಸ್ಯಾರ್ರಿ ನಿಮಗ? ಅಳತಿ ಮಾಡಾಕತ್ತೀರೇನು?"

"ಹೂ ಬರಿಯಾಕ ಬಂದೀನ್ರಿ."

ಅವನು ಹಾಳೆ ತಿರುವಿ ಪುಸ್ತಕವನ್ನು ಮಣ್ಣಿಗೆಸೆದ. ಮರುದಿನದಿಂದ ನಾನು ಕೂರುವ ಜಾಗದಲ್ಲಿ ಜಾಲಿಮುಳ್ಳು ಹರಡಿರುತ್ತಿತ್ತು. ಸರಿಸಿ ಕೂರುತ್ತಿದ್ದೆ. ಹಟ ನನಗೂ ಇತ್ತು.

ಚಿತ್ರಗಳು ಮುಗಿದ ವಾರದಲ್ಲಿ ಮಹಾದೇವಮ್ಮ ಕಾಲೇಜಿಗೇ ಬಂದರು. ಶರಣಪ್ಪ ಕಲ್ಲು ಕಿತ್ತು ಮರದ ಬಲಕ್ಕೆ ನೆಟ್ಟಿದ್ದ. ಮರವೂ ಅದರ ಸುತ್ತಲಿನ ನೆಲವೂ ತನ್ನದೆನ್ನುತ್ತಿದ್ದ. "ನಿಮ್ಮ ಬುಕ್ಕಿನ್ಯಾಗ ಕಲ್ಲು ಐತ್ರಿ. ತಂದು ತೋರಸ್ರಿ," ಅಂದರು.

ಸ್ಥಳ ನೋಡಲು ಬಂದ ಗ್ರಾಮದ ಅಧಿಕಾರಿಯ ಕೈಗೆ ಪುಸ್ತಕ ಕೊಟ್ಟೆ. ಒಂದೊಂದೇ ಹಾಳೆ ತಿರುವಿದರು. ಮೊದಲ ಒಂಬತ್ತು ಚಿತ್ರಗಳಲ್ಲೂ ಕಲ್ಲು ಎಡಕ್ಕೇ ಇತ್ತು. ಹತ್ತನೆಯ ಚಿತ್ರಕ್ಕೆ ಶರಣಪ್ಪ ಬೆರಳಿಟ್ಟ.

"ಸಾಹೇಬ್ರ, ಇದರಾಗ ಕಲ್ಲು ಬಲಕ್ಕ ಐತಲ್ರಿ. ಯಾವುದು ಖರೆ?"

ನನಗೆ ನೆನಪಾಯಿತು. ಆ ದಿನ ಎಡಗಡೆಯ ಕೊಂಬೆ ತುಂಬ ಹೂವಿತ್ತು. ಕಲ್ಲು ನೋಟ ಕೆಡಿಸುತ್ತದೆಂದು ಬಲಗಡೆ ಖಾಲಿ ಜಾಗದಲ್ಲಿ ಬರೆದಿದ್ದೆ. ಇದ್ದದ್ದನ್ನೇ ಹೇಳಿದೆ. ಶರಣಪ್ಪ ನಕ್ಕ. ಅಧಿಕಾರಿ ಪುಸ್ತಕ ಮುಚ್ಚಿದರು.

"ಇದು ಸಾಕ್ಷಿ ಆಗಂಗಿಲ್ರಿ ಮೇಡಂ. ಸರ್ವೇ ಆಗಬೇಕು."

ಬಸ್ಸಿನ ದಾರಿಯವರೆಗೆ ಮಹಾದೇವಮ್ಮ ಜೊತೆಗೆ ಬಂದರು.

"ಛಂದ ಕಾಣ್ಲಿ ಅಂತ ಸರಿಸಿದ್ರೇನ್ರಿ?"

"ಹೌದ್ರಿ."

"ಅವನೂ ಹಂಗೇ ಮಾಡ್ಯಾನ ನೋಡ್ರಿ. ಅವನಿಗಿ ಹ್ಯಾಂಗ ಛಂದ ಕಂಡದೋ ಹಂಗ."

ಸರ್ವೇ ನಡೆದು ಕಲ್ಲು ಎಡಕ್ಕೆ ಮರಳಲು ವರ್ಷದ ಮೇಲಾಯಿತು. ಅಷ್ಟರಲ್ಲಿ ಶರಣಪ್ಪ ಮರ ಕಡಿಸಿ, ಆ ನೆಲದಲ್ಲಿ ತೊಗರಿ ಬೆಳೆದು ಒಯ್ದಿದ್ದ. ಕ್ಷಮೆ ಕೇಳಲು ಹೋದಾಗ ಮಹಾದೇವಮ್ಮ ಒಳಗೆ ಕರೆಯಲಿಲ್ಲ.

ಈಗ ನಿವೃತ್ತಳಾಗಿ ಬಸವಕಲ್ಯಾಣದಲ್ಲಿದ್ದೇನೆ. ಚಿತ್ರ ಬರೆಯುವುದನ್ನು ಬಿಟ್ಟಿಲ್ಲ. ನೋಟಕ್ಕೆ ಅಡ್ಡಬಂದದ್ದನ್ನು ಇದ್ದಲ್ಲೇ ಬರೆಯುತ್ತೇನೆ. ನೋಡಿ ದಾಖಲಿಸುವವಳಿಗೆ ಅದನ್ನು ಸರಿಸುವ ಅಧಿಕಾರವಿಲ್ಲ ಎಂಬುದನ್ನು ಪಾಠ ಹೇಳುತ್ತಿದ್ದ ನಾನು ಕಲಿತದ್ದು ಇನ್ನೊಬ್ಬರ ಹೊಲದಲ್ಲಿ, ಅವರ ನಷ್ಟದಲ್ಲಿ.