ಉಗ್ರಾಣಿಯ ಕೀಲಿಗೊಂಚಲು

ಬಣ್ಣದ ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುತ್ತಿದ್ದವನನ್ನು ಕಾರ್ಖಾನೆಯವರು ಎದುರಿಗೇ ಉಗ್ರಾಣಿ ಎಂದು ಕರೆಯುತ್ತಿದ್ದರು. ಮನೆಯವರು ಬೆನ್ನ ಹಿಂದೆ ಕರೆಯುತ್ತಿದ್ದರು. ಎದುರಿಗಾದರೆ ಹೆಂಡತಿಗೆ ಅವನು ‘ಏನ್ರೀ’, ತಮ್ಮನ ಹೆಂಡತಿಗೆ ‘ಭಾವ’. ಅವನಿಗಿಂತ ಮೊದಲು ಅವನ ಕೀಲಿಗೊಂಚಲಿನ ಸದ್ದು ಒಳಗೆ ಬರುತ್ತಿತ್ತು. ಅದರಿಂದ ಮನೆಯವರಿಗೆ ಅನುಕೂಲವೇ ಆಗುತ್ತಿತ್ತು. ಸದ್ದು ಕೇಳಿದೊಡನೆ ಅವನ ಬಗ್ಗೆ ಆಡುತ್ತಿದ್ದ ಮಾತನ್ನು ನಿಲ್ಲಿಸಬಹುದಿತ್ತು.

ಗೊಂಚಲೆಂದರೆ ಅಂತಿಂಥ ಗೊಂಚಲಲ್ಲ. ದಿನಸಿ ಕಪಾಟು, ಮಲಗುವ ಕೋಣೆಯ ಕಬ್ಬಿಣದ ಬೀರು, ಮಂಚದ ಕೆಳಗಿನ ಟ್ರಂಕು, ಮಹಡಿಯ ಬಾಗಿಲು, ಕಾರ್ಖಾನೆಯ ಉಗ್ರಾಣ, ಯಾವ ಬೀಗದ್ದೆಂದು ಅವನಿಗೇ ಮರೆತುಹೋದ ಒಂದೆರಡು, ಇವೆಲ್ಲದರ ನಡುವೆ ಕಾರಿನ ಕೀಲಿ. ಒಮ್ಮೆ ಗೊಂಚಲಿನ ಬಳೆ ಸಡಿಲವಾಗಿ ಟ್ರಂಕಿನ ಕೀಲಿ ಬೀದಿಯಲ್ಲಿ ಬಿದ್ದುಹೋಗಿ, ಹುಡುಕಿ ತರಬೇಕಾಗಿತ್ತು. ಅಂದಿನಿಂದ ಬಳೆಯ ಬಾಯಿಗೆ ಬೆಸುಗೆ ಹಾಕಿಸಿಬಿಟ್ಟಿದ್ದ. ಇನ್ನು ಕೀಲಿ ಕಳೆಯುವಂತಿರಲಿಲ್ಲ, ಕಾರು ಓಡಿಸುವಾಗ ಉಳಿದವನ್ನು ತೆಗೆದಿಡುವಂತೆಯೂ ಇರಲಿಲ್ಲ.

ಹಾಗಂತ ಅವನನ್ನು ಜಿಪುಣ ಅಂದರೆ ಬಾಯಿಗೆ ಹುಳ ಬಿದ್ದೀತು. ಸಕ್ಕರೆ ಇರಲಿ, ಹೊಸ ಹೊದಿಕೆ ಇರಲಿ, ಕೇಳಿದವರಿಗೆ ಇಲ್ಲವೆಂದವನಲ್ಲ. ಉಣ್ಣುತ್ತಿದ್ದರೂ ಅರ್ಧಕ್ಕೆ ಎದ್ದು ಬಂದು ತೆಗೆದುಕೊಡುತ್ತಿದ್ದ. ಆದರೆ ಕೇಳಬೇಕು, ಅಷ್ಟೆ. ಬೆಳಿಗ್ಗೆ ಹೊರಡುವ ಮುಂಚೆ, ಮಧ್ಯಾಹ್ನ ಊಟಕ್ಕೆ ಬಂದಾಗ, ಸಂಜೆ ತಿರುಗಿ ಬಂದ ಮೇಲೆ ಬೀಗ ತೆಗೆಯುವ ಹೊತ್ತು. “ಭಾವ, ಎಣ್ಣೆ ತೀರಿದೆ” ಎಂಬ ಕೂಗು ಕೇಳಿದರೆ ಅವನ ಮುಖ ಅರಳುತ್ತಿತ್ತು. ಬಾಯಲ್ಲಿ ಮಾತ್ರ, “ನಾನಿಲ್ಲದಿದ್ರೆ ಈ ಮನೇಲಿ ಒಂದು ಹುಲ್ಲುಕಡ್ಡೀನೂ ಅಲ್ಲಾಡಲ್ಲ” ಎಂಬ ಗೊಣಗಾಟ.

ಅವನು ಬೆಳೆದದ್ದು ಸೋದರಮಾವನ ಮನೆಯಲ್ಲಿ. ಅಲ್ಲಿ ಅವನನ್ನು ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ, ಹೊಟ್ಟೆಗೆ ಕಡಿಮೆ ಮಾಡಲಿಲ್ಲ. ಆದರೆ ಯಾವ ಕೆಲಸಕ್ಕೂ ಯಾರೂ ಅವನನ್ನು ಕರೆಯಲೂ ಇಲ್ಲ. ಅವನಿದ್ದರೂ ಆ ಮನೆ ನಡೆಯುತ್ತಿತ್ತು, ಇಲ್ಲದಿದ್ದರೂ ನಡೆಯುತ್ತಿತ್ತು. ಒಮ್ಮೆ ಮಾವನ ಮನೆಯವರೆಲ್ಲ ಹೊರಟುನಿಂತು, ಅವನು ಒಳಗಿರುವುದನ್ನು ಮರೆತು ಹೊರಗಿನಿಂದ ಬಾಗಿಲು ಹಾಕಿಕೊಂಡು ಹೋಗಿದ್ದರು. ಬಂದ ಮೇಲೆ ಅತ್ತೆ, “ಅರೆ, ನೀನು ಇಲ್ಲೇ ಇದ್ಯಾ” ಅಂದಳಂತೆ. ಇದನ್ನು ಅವನು ಹೆಂಡತಿಗೆ ಮದುವೆಯಾದ ಹೊಸದರಲ್ಲಿ ನಗುನಗುತ್ತಲೇ ಹೇಳಿದ್ದ. ಅವಳು ನಗಲಿಲ್ಲ.

ಕಾರಿನ ಇಗ್ನಿಷನ್ ಬೀಗ ಕೆಲವು ತಿಂಗಳಿಂದ ಹಟ ಹಿಡಿದಿತ್ತು. ಕೀಲಿ ಹಾಕಿ ಸ್ವಲ್ಪ ಹಿಂದಕ್ಕೆಳೆದು ಎಡಕ್ಕೊತ್ತಿ ಓಲೈಸಿದರೆ ಮಾತ್ರ ತಿರುಗುತ್ತಿತ್ತು. ರಸ್ತೆಯುಬ್ಬು ಹತ್ತಿ ಇಳಿದಾಗ ಗೊಂಚಲು ತೂಗಿ ಇಂಜಿನ್ನೇ ನಿಂತುಹೋದದ್ದೂ ಉಂಟು. ಉಗ್ರಾಣಿ ತಲೆ ಕೆಡಿಸಿಕೊಳ್ಳಲಿಲ್ಲ. ತನ್ನ ಕೈಗಲ್ಲದೆ ಬೇರೆಯವರ ಕೈಗೆ ಬಗ್ಗದ ಬೀಗವೆಂದು ಅವನಿಗೆ ಒಳಗೊಳಗೇ ಹೆಮ್ಮೆ. ಒಂದು ಬೆಳಿಗ್ಗೆ ಕಾರ್ಖಾನೆಯ ಅಂಗಳದಲ್ಲಿ ಕಾರು ನಿಲ್ಲಿಸಿ ಕೀಲಿ ಎಳೆದರೆ ಅದು ಬರಲಿಲ್ಲ. ಎಳೆದ, ಅಲ್ಲಾಡಿಸಿದ, ಉಫ್ ಎಂದು ಊದಿದ. ಬೀಗ ಜಪ್ಪಯ್ಯ ಅನ್ನಲಿಲ್ಲ.

ಹಿಂದಿನ ಬೀದಿಯ ಮೆಕ್ಯಾನಿಕ್ ಬಂದು ಸ್ಟೇರಿಂಗಿನ ಕೆಳಗೆ ನೇತಾಡುತ್ತಿದ್ದ ಗೊಂಚಲನ್ನು ಅಂಗೈಯಲ್ಲಿ ತೂಗಿ ನೋಡಿದ.

“ಇದು ಕಾರಿನ ಕೀನೋ, ಜೈಲಿನದೋ?” ಅಂದ.

“ಮನೇದು.”

“ಒಳಗೆ ಹಿತ್ತಾಳೆ ತಗಡು ಇರ್ತವೆ ಸಾರ್, ಉಗುರಿನಷ್ಟು. ಇಷ್ಟು ಭಾರ ದಿನಾ ಜಗ್ಗಿದ್ರೆ ಸವೀದೆ ಏನ್ಮಾಡ್ತವೆ? ಬೀಗಾನೇ ಬದಲಾಯಿಸ್ಬೇಕು. ಬಳೆ ಕತ್ತರಿಸಿ ಉಳಿದವನ್ನ ಈಗ್ಲೇ ಕೊಟ್ಬಿಡ್ಲಾ?”

“ಬಳೆ ಮುಟ್ಟಬೇಡ. ಮಧ್ಯಾಹ್ನ ಊಟದ ಹೊತ್ತಿಗೆ ಬರ್ತೀನಿ, ಅಷ್ಟರಲ್ಲಿ ಕೀಲಿ ಬಿಡಿಸಿಡು.”

ಉಗ್ರಾಣದ ಬಾಗಿಲನ್ನು ಅಂದು ಮ್ಯಾನೇಜರರ ಕೀಲಿಯಿಂದ ತೆಗೆಸಿಕೊಂಡ. ಕಾರನ್ನು ನಾಲ್ಕು ಜನ ನೂಕಿಕೊಂಡು ಮೆಕ್ಯಾನಿಕ್ಕಿನ ಶೆಡ್ಡಿಗೆ ಸೇರಿಸಿದರು.

ಮಧ್ಯಾಹ್ನ ಹೋದರೆ ಶೆಡ್ಡಿನ ಶಟರ್ ಎಳೆದಿತ್ತು. ಹೊಸ ಬೀಗ ತರಲು ಮೆಕ್ಯಾನಿಕ್ ಪೇಟೆಗೆ ಹೋಗಿದ್ದಾನೆಂದು ಪಕ್ಕದ ಟೈರಿನವನು ಹೇಳಿದ. ಸಂಜೆ ಬಂದರಾಯಿತೆಂದು ಉಗ್ರಾಣಿ ತಿರುಗಿದವನು ಅಲ್ಲೇ ನಿಂತ. ಹೆಂಡತಿಯ ಮಾತ್ರೆ ಬೀರುವಿನಲ್ಲಿದೆ. ಹಿಂದಿನ ವರ್ಷ ಅವಳು ಎದೆ ಹಿಡಿದುಕೊಂಡು ಕುಸಿದಾಗಿನಿಂದ ಊಟದ ಹೊತ್ತಿನ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬಾರದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ತಪ್ಪಬಾರದೆಂದೇ ಅವನು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದದ್ದು. ಅವನ ತಲೆಯಲ್ಲಿ ಅದು ಸರಿಯಾಗಿಯೇ ಇತ್ತು.

ಫೋನ್ ಮಾಡಿದ. ಅತ್ತ ಯಾರೂ ಎತ್ತಲಿಲ್ಲ. ಫೋನನ್ನು ಒಂದು ಕಡೆಯಿಟ್ಟು ಇನ್ನೊಂದು ಕಡೆ ಓಡಾಡುವುದು ಅವಳ ಹಳೆಯ ಚಾಳಿಯೆಂದು ಗೊತ್ತಿದ್ದರೂ ಅವನು ಕಾಯುತ್ತ ನಿಲ್ಲಲಿಲ್ಲ. ಟೈರಿನವನ ಹತ್ತಿರ ಒಂದು ಕಬ್ಬಿಣದ ಸಲಾಕೆ ಇಸಿದುಕೊಂಡು ಸಿಕ್ಕಿದ ಬಸ್ಸು ಹತ್ತಿದ. ಬೀರು ಒಡೆಯಬೇಕು, ಬಾಗಿಲು ಬಗ್ಗಿದರೆ ಬಗ್ಗಲಿ. ಬಸ್ಸಿನಲ್ಲಿದ್ದವರು ಸಲಾಕೆ ನೋಡಿ ಜಾಗ ಬಿಟ್ಟುಕೊಟ್ಟರು.

ಮನೆಯ ಗೇಟಿನಿಂದ ಹೊರಬಾಗಿಲಿಗೆ ಹೋಗಬೇಕಾದರೆ ಮಲಗುವ ಕೋಣೆಯ ಕಿಟಕಿ ದಾಟಬೇಕು. ಕಿಟಕಿ ತೆರೆದಿತ್ತು. ಒಳಗೆ ಬೀರುವೂ ತೆರೆದಿತ್ತು. ಹೆಂಡತಿ ಅದರ ಮುಂದೆ ನಿಂತು ಮಾತ್ರೆ ಬಾಯಿಗೆ ಹಾಕಿ ನೀರು ಕುಡಿಯುತ್ತಿದ್ದಳು. ಬೀಗದಲ್ಲಿ ಕೀಲಿ ಇತ್ತು, ಅದಕ್ಕೆ ಪೋಣಿಸಿದ ದಾರದಲ್ಲಿ ಉಳಿದ ಕೀಲಿಗಳೂ ಇದ್ದವು. ದಿನಸಿ ಕಪಾಟಿನದು, ಟ್ರಂಕಿನದು, ಮಹಡಿಯದು. ನಿನ್ನೆ ಮೊನ್ನೆ ಮಾಡಿಸಿದವಲ್ಲ. ಕೈ ತಗಲಿ ತಗಲಿ ಅವನವಕ್ಕಿಂತ ಹೆಚ್ಚಾಗಿ ಹೊಳೆಯುತ್ತಿದ್ದವು.

ಬಾಗಿಲಲ್ಲಿ ತಮ್ಮನ ಹೆಂಡತಿ ಸಕ್ಕರೆ ಡಬ್ಬ ಹಿಡಿದು ನಿಂತಿದ್ದಳು.

“ಅಕ್ಕ, ಡಬ್ಬ ಪೂರ್ತಿ ತುಂಬಿಸ್ಕೊಂಡ್ಬಿಟ್ಟೆ. ಈಗ ಸಂಜೆ ಭಾವನ್ನ ಯಾತಕ್ಕೆ ಕೂಗ್ಲಿ?”

“ಉಪ್ಪಿಗೆ ಕೂಗು.”

“ಉಪ್ಪಿಗೆ ನಿನ್ನೇನೇ ಕೂಗಿದ್ದೆ.”

“ಏನಾದ್ರೂ ಕೂಗೇ ಮಾರಾಯ್ತಿ. ಯಾರೂ ಕೂಗದಿದ್ದ ದಿನ ಅವ್ರಿಗೆ ಊಟ ಸೇರಲ್ಲ.” ಅವಳು ಬೀರು ಮುಚ್ಚಿ ಬೀಗ ತಿರುಗಿಸಿ, ಕೀಲಿಗಳನ್ನು ಒಂದು ಬಟ್ಟೆಯಲ್ಲಿ ಸುತ್ತಿದಳು. “ಇದನ್ನ ಅಕ್ಕಿ ಡಬ್ಬದ ಹಿಂದೆ ಇಟ್ಬಿಡು.”

ಉಗ್ರಾಣಿಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ತನ್ನನ್ನು ಕೋಡಂಗಿ ಮಾಡಿದರಲ್ಲ ಎಂದು ಮೈ ಉರಿಯಿತು. ಆಮೇಲೆ ನಾಚಿಕೆಯಾಯಿತು. ಊಟ ಬಿಟ್ಟು ಎದ್ದುಬಂದು, ಕೀಲಿ ಆರಿಸಿ, ಗೊಣಗುತ್ತ ಅಳೆದುಕೊಡುತ್ತಿದ್ದ ತನ್ನ ಗತ್ತನ್ನು ನೆನೆದು ಕಿವಿ ಬಿಸಿಯಾದವು. ಇವೆರಡೂ ಇಳಿದ ಮೇಲೆ ಉಳಿದದ್ದು ಒಂದು ಸಂಕಟ. ಕೆಲಸದ ನಡುವೆ ಕೈ ಒರೆಸಿಕೊಂಡು ಬಂದು, ಬೇಡದಿದ್ದರೂ ಉಪ್ಪು ಕೇಳಿದ ಇಬ್ಬರು ಹೆಂಗಸರ ಮೇಲೆ ಎಷ್ಟು ಹೊತ್ತು ತಾನೇ ಸಿಟ್ಟಾಗಿರಲು ಸಾಧ್ಯ?

ಸದ್ದಿಲ್ಲದೆ ಗೇಟಿನ ಹೊರಗೆ ಹೋದ. ಸಲಾಕೆಯನ್ನು ಬೇಲಿಯ ಬುಡದಲ್ಲಿ ಒರಗಿಸಿದ. ಗೇಟನ್ನು ಊರಿಗೆಲ್ಲ ಕೇಳುವಂತೆ ಬಡಿದು ಒಳಗೆ ಬಂದ.

“ಕಾರಿನ ಸದ್ದೇ ಕೇಳ್ಲಿಲ್ವಲ್ಲ” ಎಂದು ಹೆಂಡತಿ ಅಡುಗೆಮನೆಯಿಂದ ಬಂದಳು.

“ಬೀಗ ಕೆಟ್ಟಿದೆ. ಗೊಂಚಲೂ ಅದರಲ್ಲೇ ಸಿಕ್ಕಿಹಾಕ್ಕೊಂಡಿದೆ. ನಿನ್ನ ಮಾತ್ರೆ...”

“ಸಂಜೆ ಗೊಂಚಲು ಬಂದ ಮೇಲೆ ತಗೋತೀನಿ ಬಿಡಿ. ಒಂದು ಹೊತ್ತಿಗೆ ಏನಾಗಲ್ಲ.”

ಅವಳ ತುಟಿಯ ಅಂಚಿನಲ್ಲಿ ನೀರು ಇನ್ನೂ ಆರಿರಲಿಲ್ಲ. ಅವನು “ಹೂಂ” ಅಂದ. ತಟ್ಟೆಯ ಮುಂದೆ ಕೂತು ಬಡಿಸಿದ್ದನ್ನೆಲ್ಲ ಉಂಡ. ಏನು ಉಂಡೆನೆಂದು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ.

ಸಂಜೆ ಶೆಡ್ಡಿಗೆ ಹೋದಾಗ ಮೆಕ್ಯಾನಿಕ್ ಬ್ಯಾಟರಿಯ ತಂತಿ ಬಿಚ್ಚಿ, ಸ್ಟೇರಿಂಗಿನ ಕೆಳಗಿನ ಮುಚ್ಚಳ ತೆಗೆದಿಟ್ಟಿದ್ದ. ಹಳೆಯ ಬೀಗ ಬರಬೇಕಾದರೆ ಕೀಲಿ ಅರ್ಧ ತಿರುಗಬೇಕು, ಅದು ತಿರುಗುತ್ತಿರಲಿಲ್ಲ. ಕೊರೆದೇ ತೆಗೆಯೋಣವೆಂದರೆ ಗೊಂಚಲು ಡ್ರಿಲ್ಲಿಗೆ ಅಡ್ಡ ಬರುತ್ತಿತ್ತು.

“ಬಳೆ ಮುಟ್ಟಬೇಡ ಅಂದಿದ್ರಿ” ಎಂದು ಮೆಕ್ಯಾನಿಕ್ ಮುಖ ನೋಡಿದ.

“ಕತ್ತರಿಸು.”

ಗರಗಸ ಬೆಸುಗೆಯನ್ನು ದಾಟುವವರೆಗೆ ಉಗ್ರಾಣಿ ಅಲ್ಲೇ ನಿಂತು ನೋಡಿದ. ಕೀಲಿಗಳು ಒಂದೊಂದಾಗಿ ಅವನ ಅಂಗೈಗೆ ಬಂದವು. ಮೆಕ್ಯಾನಿಕ್ ಹಳೆಯ ಬೀಗವನ್ನು ಕೊರೆದು ಹೊರತೆಗೆದ, ಹಿತ್ತಾಳೆಯ ಚೂರುಗಳನ್ನು ಊದಿ ಸ್ವಚ್ಛ ಮಾಡಿದ, ಹೊಸದನ್ನು ಒತ್ತಿದಾಗ ಟಕ್ಕೆಂದು ಕೂತಿತು. ಕೀಲಿ ಹಾಕಿ ಎರಡು ಬೆರಳಲ್ಲಿ ತಿರುಗಿಸಿದ, ಇಂಜಿನ್ ಹೊತ್ತಿಕೊಂಡಿತು. ಯಾರು ತಿರುಗಿಸಿದ್ದರೂ ಹೊತ್ತಿಕೊಳ್ಳುತ್ತಿತ್ತು.

“ಇನ್ನು ಇದಕ್ಕೆ ಬೇರೇನೂ ನೇತುಹಾಕ್ಬೇಡಿ. ಇದು ಎರಡನೇ ಕೀ, ಜೋಪಾನ.”

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಉಗ್ರಾಣಿ ಅಡುಗೆಮನೆಗೆ ಹೋದ. ಅಕ್ಕಿ ಡಬ್ಬ ಸರಿಸಿ, ಬಟ್ಟೆಯ ಗಂಟು ಬಿಚ್ಚಿ, ಕಾರಿನ ಎರಡನೆಯ ಕೀಲಿಯನ್ನು ಅದೇ ದಾರಕ್ಕೆ ಪೋಣಿಸಿ, ಮೊದಲಿನಂತೆಯೇ ಸುತ್ತಿಟ್ಟು ಬಂದ. ಮಾತಿನಲ್ಲಿ ಹೇಳುವುದು ಅವನಿಂದ ಆಗುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ಅಂದು ಅವನ ಮನಸ್ಸು ನಿಲ್ಲಲಿಲ್ಲ. ಗಂಟು ಬಿಚ್ಚಿದೊಡನೆ ಅವಳಿಗೆ ತಿಳಿಯುತ್ತದೆ. ತಿಳಿದ ಮೇಲೆ ಯಾಕೆ ಕೂಗುತ್ತಾಳೆ? ಸುಮ್ಮನೆ ತೆಗೆದುಕೊಳ್ಳುತ್ತಾಳೆ. ಅದೇ ನ್ಯಾಯ. ಆದರೂ ಮಧ್ಯಾಹ್ನ ಮನೆಯ ಮುಂದೆ ಕಾರು ನಿಲ್ಲಿಸಿದವನು ಇಳಿಯಲು ತಡಮಾಡಿದ.

ಹೆಂಡತಿ ಏನೂ ಆಗದವಳಂತೆ ಬಡಿಸಿದಳು. ಅವನೂ ಏನೂ ಆಗದವನಂತೆ ಉಂಡ. ತಮ್ಮನ ಹೆಂಡತಿ ಮಾತ್ರ ಒಮ್ಮೆ ಅಕ್ಕನ ಮುಖ, ಒಮ್ಮೆ ಭಾವನ ಮುಖ ನೋಡಿ ಹಿತ್ತಲಿಗೆ ಹೋದಳು. ಹೆಂಡತಿ ಮಲಗುವ ಕೋಣೆಗೆ ನಡೆದಳು. ಲೋಟ ಮೇಜಿನ ಮೇಲಿಟ್ಟ ಸದ್ದು ಬಂತು. ಆಮೇಲೆ ಏನೂ ಕೇಳಲಿಲ್ಲ. ಅವನು ಬಾಯಲ್ಲಿದ್ದ ತುತ್ತನ್ನು ಅಗಿಯುವುದನ್ನೂ ನಿಲ್ಲಿಸಿ ಕಿವಿಗೊಟ್ಟ.

“ಏನ್ರೀ,” ಎಂದಳು ಅವಳು ಒಳಗಿನಿಂದ, “ಸ್ವಲ್ಪ ಬೀರು ತೆಗೀತೀರಾ?”

ಅವನು ಎದ್ದ. ಕೈ ತೊಳೆಯುವಷ್ಟು ತಾಳ್ಮೆ ಇರಲಿಲ್ಲ, ಜೇಬಿನ ಬಿಡಿ ಕೀಲಿಗಳಲ್ಲಿ ಬೀರುವಿನದನ್ನು ಎಡಗೈಯಲ್ಲೇ ಹುಡುಕುತ್ತ ಹೋದ. ಅಂದು ಅವನು ಗೊಣಗಲಿಲ್ಲ.